ಸೂಜಿಯನ್ನು ಬಚ್ಚಿಟ್ಟು ಮದುವೆಯೆ?

ಬಾಲ್ಯದಿಂದಲೂ ಇನ್ಸುಲಿನ್ ತೆಗೆದುಕೊಳ್ಳುತ್ತ, ಓದಿ, ಉದ್ಯೋಗ ಹಿಡಿದು, ಸ್ವಂತ ಸಂಪಾದನೆಯ ಮೇಲೆ ನಿಂತಿರುವ ನಮ್ಮ ಬಂಧುವರ್ಗದ ಕನ್ಯೆಯೊಬ್ಬಳ ತಾಯಿಗೆ, ಸಂಬಂಧ ಕುದುರಿಸುವುದರಲ್ಲಿ ಪಳಗಿದ ಹಿರಿಯರೊಬ್ಬರು ಈ ವಾರ ಕೊಟ್ಟ ಸಲಹೆ ಇದು: "ಈಗ್ಯಾಕಮ್ಮ ಹೇಳ್ತೀರಿ? ಮೂರು ಗಂಟು ಬಿದ್ದಮೇಲೆ ತಾನಾಗಿ ಗೊತ್ತಾಗತ್ತೆ." ಇದನ್ನು ಕೇಳಿಕೊಂಡು ಸುಮ್ಮನಿರುವುದು ನನ್ನಿಂದಾಗದು.

ಸಾಲಾವಳಿಯ ಮೇಲೆ ನನಗಿರುವ ಕೋಪವನ್ನು ಈ ಅಂಕಣದ ಓದುಗರು ಬಲ್ಲರು. ಗಣ, ನಾಡಿ, ಕುಜದೋಷಗಳನ್ನು ತಿಂಗಳುಗಟ್ಟಲೆ ಶೋಧಿಸುವ ನಮ್ಮ ಜನ, ದೇಹದ ವಿಷಯ ಬಂದೊಡನೆ ಒಂದೋ ಮುಚ್ಚಿಡುವರು, ಇಲ್ಲವೆ ದೂರ ಸರಿಯುವರು. ವಿಚಾರಿಸಿ ತಿಳಿಯಬೇಕೆಂಬುದು ಅವರಿಗೆ ತೋಚದು. ಇನ್ಸುಲಿನ್ ಉತ್ಪಾದಿಸುವ ಜೀವಕೋಶಗಳನ್ನು ಶರೀರದ ರಕ್ಷಣಾವ್ಯವಸ್ಥೆಯೇ ನಾಶಮಾಡುವುದರಿಂದ ಬರುವ ಟೈಪ್ 1 ಮಧುಮೇಹವು ಮಗು ತಿಂದ ಮಿಠಾಯಿಯ ಫಲವೂ ಅಲ್ಲ, ತಂದೆತಾಯಿಗಳ ಅಪರಾಧವೂ ಅಲ್ಲ. ಟೊರಾಂಟೋ ನಗರದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಬಾಲಕನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಡುವವರೆಗೆ ಮರಣಶಾಸನವೇ ಆಗಿದ್ದ ಈ ವ್ಯಾಧಿಯೊಡನೆ, ಇಂದು ಸಂಸಾರ ಹೂಡಿ, ಮಕ್ಕಳನ್ನು ಹೆತ್ತು, ಮುಪ್ಪಿನವರೆಗೆ ಬಾಳುವವರುಂಟು. "ಮಕ್ಕಳಿಗೂ ಬಂದೀತು" ಎಂದು ಹೆಣ್ಣನ್ನು ತಿರಸ್ಕರಿಸುವವರು ತಿಳಿಯಲಿ: ತಾಯಿಗಿದ್ದಾಗ ಮಗುವಿಗೆ ಬರುವ ಸಂಭವಕ್ಕಿಂತ ತಂದೆಗಿದ್ದಾಗ ಬರುವ ಸಂಭವವೇ ಹೆಚ್ಚು, ಅದೂ ನೂರಕ್ಕೆ ಸುಮಾರು 6.

ಇದೇ ಹುಡುಗಿ ಹಿಂದೊಮ್ಮೆ ಮದುವೆಯ ಛತ್ರದಲ್ಲಿ, ಇನ್ನೇನು ಎಲೆ ಹಾಕುವರೆಂದು ನಂಬಿ ಇನ್ಸುಲಿನ್ ಚುಚ್ಚಿಕೊಂಡಿದ್ದಳು, ಪಂಕ್ತಿ ತಡವಾಯಿತು. ನಗುನಗುತ್ತಿದ್ದವಳ ಮಾತು ತೊದಲಿತು, ಹಣೆ ಬೆವರಿತು, ಕೈ ನಡುಗತೊಡಗಿತು. ಬಂಧುಗಳು ದೃಷ್ಟಿಯೆಂದರು, ಪಿತ್ತವೆಂದರು. ಜೊತೆಗೆ ಬಂದಿದ್ದ ಗೆಳತಿಯು ಮಾತ್ರ ಅಡುಗೆಮನೆಗೆ ಓಡಿ, ಮೂರು ಚಮಚ ಸಕ್ಕರೆ ಕದಡಿದ ನೀರು ತಂದು ಕುಡಿಸಿ, 15 ನಿಮಿಷ ಕಾದು, ಬೆರಳ ತುದಿಯ ರಕ್ತವನ್ನು ಪರೀಕ್ಷಿಸಿ, "88 ಇದೆ, ಈಗ ಊಟಕ್ಕೆ ಏಳೇ" ಎಂದಳು. ಹಾಸ್ಟೆಲಿಗೆ ಸೇರಿದ ದಿನವೇ ಎಲ್ಲವನ್ನೂ ಹೇಳಿಕೊಂಡಿದ್ದುದರಿಂದ ಆ ಸ್ನೇಹ ಆಪತ್ಕಾಲಕ್ಕೆ ಒದಗಿತು.

ಪ್ರೀತಿಸಿದವರೊಡನೆ ಹೋಟೆಲಿಗೆ ಹೋದಾಗಲೂ ಸ್ನಾನಗೃಹದಲ್ಲಿ ಅವಿತು ಸೂಜಿ ಚುಚ್ಚಿಕೊಳ್ಳುವ ತರುಣ ತರುಣಿಯರು ಆ ಅಂಜಿಕೆಯನ್ನು ಕಲಿತದ್ದು ಹಿರಿಯರ ಈ ಗುಟ್ಟಿನಿಂದಲೇ. ನಡುರಾತ್ರಿಯಲ್ಲಿ ಸಕ್ಕರೆ ಇಳಿದಾಗ, ಪಕ್ಕದಲ್ಲಿ ಮಲಗಿದವನಿಗೆ ಏನೂ ತಿಳಿಯದಿದ್ದರೆ ಅದು ಪ್ರಾಣಕ್ಕೇ ಸಂಚಕಾರ. ಆದುದರಿಂದ, ತಾಯಿ, ಮೊದಲ ಭೇಟಿಯಲ್ಲೇ ಹೇಳಿಬಿಡಿ. ಗೆಳತಿಯೊಬ್ಬಳು ಕಲಿತ ಅಷ್ಟನ್ನು ಕಲಿಯಲೊಲ್ಲದ ವರನು, 36 ಗುಣಗಳೂ ಕೂಡಿಬಂದಿದ್ದರೂ, ಹೆಣ್ಣು ಕೊಡಲು ಯೋಗ್ಯನಲ್ಲ.