ಹೊಳಲಿನ ಮಕ್ಕಳು ಕಂಡ ಕೆ.ಜಿ.ಎಫ್.

ಶಾಲಾ ಪ್ರವಾಸದ ಮಾತು ಬಂದರೆ ಹೊಳಲು, ಹಡಗಲಿ, ಹರಪನಹಳ್ಳಿ ಕಡೆಯ ಶಾಲೆಗಳಲ್ಲಿ ನಾಲ್ಕೈದು ಹೆಸರುಗಳೇ ತಿರುಗಿ ತಿರುಗಿ ಬರುತ್ತವೆ. ಹಂಪಿ, ಜೋಗ, ಮೈಸೂರು, ಬೇಲೂರು-ಹಳೇಬೀಡು, ದುಡ್ಡು ಉಳಿದರೆ ಧರ್ಮಸ್ಥಳ. ಹೊಳಲಿನ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವ ಅಕ್ಕೋರು ಈ ಪಟ್ಟಿಗೆ ಒಂದು ಹೊಸ ಹೆಸರು ಸೇರಿಸಿದಾಗ ಪಾಲಕರ ಸಭೆಯಲ್ಲಿ ಸಣ್ಣ ಗದ್ದಲವೇ ಆಯಿತು. ಆ ಹೆಸರು ಕೋಲಾರ ಗೋಲ್ಡ್ ಫೀಲ್ಡ್ಸ್, ಅರ್ಥಾತ್ ಕೆ.ಜಿ.ಎಫ್.

"ಅಲ್ರೀ ಅಕ್ಕೋರ, ಮುಚ್ಚಿದ ಗಣಿಯಾಗ ಏನೈತ್ರಿ ನೋಡಾಕ?" ಎಂದು ಒಬ್ಬ ತಂದೆ ಕೇಳಿಯೇಬಿಟ್ಟರು.

ಪ್ರಶ್ನೆ ನ್ಯಾಯವಾದದ್ದೇ. ಆ ಗಣಿಗಳು ಮುಚ್ಚಿದ್ದು 2001ರ ಫೆಬ್ರುವರಿ 28ರಂದು, ಅಂದರೆ ಈ ಮಕ್ಕಳು ಹುಟ್ಟುವುದಕ್ಕೂ ಮೊದಲು. ಮಕ್ಕಳಿಗೆ ಗೊತ್ತಿದ್ದದ್ದು 2018ರ ಸಿನಿಮಾ ಮಾತ್ರ. ಅದರ ಕಥೆ ಕಟ್ಟುಕಥೆ ಎಂದರೆ ಅರ್ಧ ತರಗತಿ ಮುಖ ಸಣ್ಣ ಮಾಡಿತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಮಾತ್ರ ಬೇರೆ ಕಾರಣಕ್ಕೆ ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದ. ಅವನ ತಂದೆ ಸಂಡೂರಿನ ಕಡೆ ಅದಿರಿನ ಲಾರಿ ಓಡಿಸುತ್ತಾರೆ. ತಿಂಗಳಿಗೊಮ್ಮೆ ಊರಿಗೆ ಬಂದಾಗ ಅವರ ಅಂಗಿ ತೊಳೆದ ನೀರು ಕೆಂಪಾಗಿ ಬಚ್ಚಲಿಗೆ ಹರಿಯುವುದನ್ನು ಹುಡುಗ ನೋಡಿದ್ದಾನೆ. ಗಣಿ ಎಂದರೆ ಹೇಗಿರುತ್ತದೆ ಎಂದು ಕಣ್ಣಾರೆ ನೋಡಬೇಕೆಂಬುದು ಅವನ ಹಟ.

ಪರದೇಶದವರು ಕಟ್ಟಿ ಆಳಿದ ಊರುಗಳನ್ನು ನೋಡಲು ಜನ ಎಲ್ಲೆಲ್ಲಿಗೋ ಹೋಗುತ್ತಾರೆ. ಕ್ರಿಕೆಟ್ ಹುಚ್ಚಿರುವವರಿಗೆಲ್ಲ ವೆಸ್ಟ್ ಇಂಡೀಸಿನ ಬ್ರಿಜ್‌ಟೌನ್ ಗೊತ್ತು. ಬಾರ್ಬಡೋಸ್ ದ್ವೀಪದಲ್ಲಿ 1628ರಲ್ಲಿ ಇಂಗ್ಲಿಷರು ಹೂಡಿದ ಬಂದರು ಪಟ್ಟಣ ಅದು. ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕಬ್ಬು ಬೆಳೆದರು, ಸಕ್ಕರೆ ಹಡಗು ಹತ್ತಿ ಇಂಗ್ಲೆಂಡಿಗೆ ಹೋಯಿತು. ಆ ಪಟ್ಟಣದ ಹಳೆಯ ಭಾಗವನ್ನೂ ಅದರ ದಂಡು ಪ್ರದೇಶವನ್ನೂ ಯುನೆಸ್ಕೊ 2011ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ಹಡಗುಗಟ್ಟಲೆ ಪ್ರವಾಸಿಗರು ಅಲ್ಲಿಗೆ ಬಂದಿಳಿಯುತ್ತಾರೆ. ಅಷ್ಟು ದೂರ ಹೋಗುವುದು ಹೊಳಲಿನ ಮಕ್ಕಳಿಗೆ ಆಗದ ಮಾತು. ಆದರೆ ಒಂದೇ ಒಂದು ಸರಕಿಗಾಗಿ ಕಟ್ಟಿದ ಊರು, ಸರಕು ಹೊರಟುಹೋದ ಮೇಲೆ ಉಳಿದ ಊರು, ಬೆಂಗಳೂರಿನಿಂದ ನೂರು ಕಿಲೋಮೀಟರ್ ದೂರದಲ್ಲೇ ಇದೆ.

ಚಿನ್ನದ ಕಥೆ ಹೊಳಲಿನವರಿಗೆ ಹೊಸದೇನೂ ಅಲ್ಲ. ತುಂಗಭದ್ರೆಯ ಆಚೆ ದಡಕ್ಕೆ ಹೋಗಿ ಮುಂಡರಗಿ, ಡಂಬಳದ ದಾರಿ ಹಿಡಿದರೆ ಕಪ್ಪತಗುಡ್ಡ. ಅಲ್ಲಿನ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದವರಿಗೆ ಜಾಲಗಾರರು ಎಂದು ಹೆಸರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲೇ ಈ ಗುಡ್ಡಗಳ ಚಿನ್ನದ ಬಗ್ಗೆ ಬರೆದಿದ್ದಾನೆ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಂಪನಿಗಳೂ ಬಂದು ಅಗೆದವು, ಕೈ ಸುಟ್ಟುಕೊಂಡು ಹೋದವು. ಕಪ್ಪತಗುಡ್ಡ ಗುಡ್ಡವಾಗಿಯೇ ಉಳಿಯಿತು. ಅದು ಅದೃಷ್ಟವೋ ದುರದೃಷ್ಟವೋ ಓದುಗರೇ ಯೋಚಿಸಬೇಕು.

ಕೋಲಾರದ್ದೂ ಮೊದಲಿಗೆ ಇಂಥದೇ ಕಥೆ. ಟಿಪ್ಪು ಮಡಿದ ನಂತರ ಮೈಸೂರಿನ ಮೂಡಣ ಗಡಿಯನ್ನು ಅಳೆಯಲು ಬಂದ ಲೆಫ್ಟಿನೆಂಟ್ ಜಾನ್ ವಾರೆನ್, 1802ರಲ್ಲಿ ಚಿನ್ನದ ಗಾಳಿಮಾತು ಕೇಳಿ, ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ತಂದು ಅವನೆದುರಿಗೇ ತೊಳೆದು ತೋರಿಸಿದರು. ಮಾರಿಕುಪ್ಪದಲ್ಲಿ ಗಂಡಸರು ಗುಂಡಿಯಿಂದ ಬುಟ್ಟಿಯಲ್ಲಿ ಕಲ್ಲು ಮೇಲೆ ಸಾಗಿಸುವುದನ್ನೂ, ಹೆಂಗಸರು ಅದನ್ನು ಕುಟ್ಟಿ ಪುಡಿಮಾಡಿ ತೊಳೆಯುವುದನ್ನೂ ಅವನು ಕಂಡ. 'ಕೆ.ಜಿ.ಎಫ್.ನಲ್ಲಿ ಚಿನ್ನ ಕಂಡುಹಿಡಿದವರು ಬ್ರಿಟಿಷರು' ಎಂದು ಬರೆದ ಮಗುವಿಗೆ ಅಂಕ ಕೊಡುವ ಮುನ್ನ ಮೇಷ್ಟ್ರುಗಳು ಈ ಹೆಂಗಸರನ್ನು ಒಮ್ಮೆ ನೆನೆಯುವುದು ಒಳ್ಳೆಯದು. 1875ರಲ್ಲಿ ಲವೆಲ್ ಎಂಬ ನಿವೃತ್ತ ಐರಿಷ್ ಸೈನಿಕ ಮೈಸೂರು ಸರ್ಕಾರದಿಂದ ಅಗೆಯುವ ಪರವಾನಗಿ ಪಡೆದ. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. ಅಲ್ಲಿಂದ ಮುಂದಿನದು ದೊಡ್ಡವರ ಆಟ.

ರಾತ್ರಿಯಿಡೀ ಓಡಿದ ಬಸ್ಸು ಬೆಳಿಗ್ಗೆ ಊರು ಹೊಕ್ಕಾಗ ಮಕ್ಕಳು ಮೊದಲು ಕಂಡದ್ದು ಮನೆಗಳ ಮೇಲೆ ತಲೆಯೆತ್ತಿ ನಿಂತ ಕಬ್ಬಿಣದ ಗೋಪುರ. ತುದಿಯಲ್ಲಿ ದೊಡ್ಡ ಗಾಲಿಗಳು. ಬಾವಿಯ ಮೇಲಿನ ರಾಟೆಯೇ ಅದು, ಕೊಡದ ಬದಲು ಮನುಷ್ಯರನ್ನು ಇಳಿಸಲು ಮಾಡಿದ್ದು. ಈಗ ಗಾಲಿ ತಿರುಗುವುದಿಲ್ಲ, ಬಾವಿಯಲ್ಲಿ ನೀರು ತುಂಬಿದೆ, ಬೇಲಿಯಾಚೆಯಿಂದಷ್ಟೇ ನೋಡಬೇಕು. ಸಿನಿಮಾ ನೆನೆದು ಬಂದವರಿಗೆ ನಿರಾಶೆಯಾಯಿತು.

ಅಕ್ಕೋರು ಅವರನ್ನು ನಡೆಸಿಕೊಂಡೇ ಊರು ಸುತ್ತಿಸಿದರು. ಕೆ.ಜಿ.ಎಫ್. ಅನ್ನು ಹಿಂದೆ ಪುಟ್ಟ ಇಂಗ್ಲೆಂಡ್ ಎಂದು ಕರೆಯುತ್ತಿದ್ದರು. ದಿಣ್ಣೆಯ ಮೇಲೆ ಅಗಲ ಜಗುಲಿಯ, ದೊಡ್ಡ ಅಂಗಳದ ಬಂಗಲೆಗಳು, ದೊರೆಗಳ ಕ್ಲಬ್ಬು, ಗಾಲ್ಫ್ ಆಡುವ ಬಯಲು, ಚರ್ಚು. ಅಲ್ಲಿಂದ ಕೆಳಗಿಳಿದರೆ ಸಾಲುಸಾಲು ಸಣ್ಣ ಮನೆಗಳು. ಅವಕ್ಕೆ ಅಲ್ಲಿನವರು ಇಂದಿಗೂ 'ಲೈನು' ಎನ್ನುತ್ತಾರೆ. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಿಂದ ಬಂದ ಗಣಿ ಪರಿಣತರು ಬಂಗಲೆಗಳಲ್ಲಿ, ಉತ್ತರ ಆರ್ಕಾಟು, ಸೇಲಂ ಕಡೆಯ ತಮಿಳರೂ ತೆಲುಗು ಸೀಮೆಯವರೂ ಲೈನುಗಳಲ್ಲಿ. ಹೆಚ್ಚಿನವರು ಊರಿನಲ್ಲಿ ಭೂಮಿಯಿಲ್ಲದ, ಕೀಳುಜಾತಿಯೆಂದು ದೂರವಿಟ್ಟಿದ್ದ ಜನ. ಚಿನ್ನದ ಬೆಲೆಯಲ್ಲಿ ನೂರಕ್ಕೆ ಐದು ಪಾಲು ಮೈಸೂರು ಸರ್ಕಾರಕ್ಕೆ ರಾಜಧನವಾಗಿ ಸಲ್ಲುತ್ತಿತ್ತು. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚು ತೆಗೆದುಕೊಳ್ಳಲು ಕಂಪನಿಗಳು ಹೊರಟಾಗ, 'ನಾವೇನು ಕಳ್ಳರೇ?' ಎಂಬ ಸಿಟ್ಟು ಹೊತ್ತಿ, ಲೈನುಗಳ ಜನ ವಾರಗಟ್ಟಲೆ ಕೆಲಸ ನಿಲ್ಲಿಸಿದರು. ಈ ಸಂಗತಿ ಪಠ್ಯಪುಸ್ತಕದಲ್ಲಿ ಬರುವುದಿಲ್ಲ. ಬರಬೇಕಿತ್ತು.

ದೀಪದ ವಿಷಯ ಮಾತ್ರ ಪುಸ್ತಕದಲ್ಲಿದೆ. 1902ರ ಜೂನ್ 30ರಂದು ಶಿವನಸಮುದ್ರದ ಜಲವಿದ್ಯುತ್ ಈ ಗಣಿಗಳಿಗೆ ಹರಿಯಿತು. ದಿವಾನ್ ಶೇಷಾದ್ರಿ ಅಯ್ಯರ್ ಕನಸು, ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರನ ಯೋಜನೆ. ಸುಮಾರು 147 ಕಿಲೋಮೀಟರ್ ಉದ್ದದ ತಂತಿ, ಅಷ್ಟು ದೂರ ವಿದ್ಯುತ್ ಸಾಗಿಸಿದ್ದು ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡ ಸಾಹಸ. ದಾರಿಯಲ್ಲಿ ವಿದ್ಯುತ್ ಸೋರಿಹೋಗಲಿಲ್ಲವೇ ಎಂದು ಒಬ್ಬ ಹುಡುಗಿ ಕೇಳಿದಳಂತೆ. ಹತ್ತನೆಯ ತರಗತಿಯವರು ಲೆಕ್ಕ ಹಾಕಿ ನೋಡಬಹುದು. ತಂತಿ ಬಿಸಿಯಾಗಿ ವ್ಯರ್ಥವಾಗುವ ಶಕ್ತಿ, ಅದರಲ್ಲಿ ಹರಿಯುವ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೋಲ್ಟೇಜನ್ನು ಹತ್ತು ಪಟ್ಟು ಏರಿಸಿದರೆ ಅಷ್ಟೇ ಶಕ್ತಿಯನ್ನು ಹತ್ತರಲ್ಲಿ ಒಂದು ಪಾಲು ಕರೆಂಟಿನಲ್ಲಿ ಕಳಿಸಬಹುದು. ನಷ್ಟ ನೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಅಲ್ಲಿ 30 ಸಾವಿರ ವೋಲ್ಟಿಗೂ ಮೇಲೆ ಏರಿಸಿ ಕಳಿಸಿದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಇದಾಗಿ ಮೂರು ವರ್ಷಕ್ಕೆ, 1905ರಲ್ಲಿ. ಹಡಗಲಿ ಸೀಮೆಯ ಎಷ್ಟೋ ಹಳ್ಳಿಗಳಲ್ಲಿ ಸ್ವಾತಂತ್ರ್ಯ ಬಂದ ಮೇಲೂ ಮಕ್ಕಳು ಚಿಮಣಿ ಬುಡ್ಡಿಯ ಬೆಳಕಿನಲ್ಲೇ ಓದಿದರು. ಕಾವೇರಿಯ ಕರೆಂಟು ಮೊದಲು ಹೋದದ್ದು ಮನೆಗಲ್ಲ, ಕಲ್ಲು ಅರೆಯುವ ಯಂತ್ರಕ್ಕೆ.

ಬೇಲಿಯ ಹತ್ತಿರ ಒಬ್ಬ ಮುದುಕರು ಕುಳಿತಿದ್ದರು. ಮೂವತ್ತು ವರ್ಷ ಚಾಂಪಿಯನ್ ರೀಫ್ ಗಣಿಯಲ್ಲಿ ಇಳಿದು ಹತ್ತಿದವರು. ತಮಿಳು ಬೆರೆತ ಅವರ ಕನ್ನಡಕ್ಕೂ ಮಕ್ಕಳ ಹಡಗಲಿ ಕನ್ನಡಕ್ಕೂ ಮೊದಲು ಸ್ವಲ್ಪ ತಿಕ್ಕಾಟವಾಯಿತು, ಆಮೇಲೆ ಹೊಂದಿಕೊಂಡಿತು.

"ಎಷ್ಟು ಆಳ ಇಳಿತಿದ್ರಿ ಅಜ್ಜಾರ?"

"ಮೂರು ಕಿಲೋಮೀಟರಿಗೂ ಜಾಸ್ತಿ ಇದೆ ತಂಬಿ. ಪಂಜರದಲ್ಲಿ ಇಳಿಯೋದು, ಆಮೇಲೆ ಇನ್ನೊಂದು ಪಂಜರ. ಕೆಳಗೆ ಕಲ್ಲು ಮುಟ್ಟಿದರೆ ಸುಡುತ್ತೆ."

ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. ಆ ಗಣಿಯ ಆಳ ಸುಮಾರು 3.2 ಕಿಲೋಮೀಟರ್. ತಳದಲ್ಲಿ ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಅಷ್ಟು ಆಳದಲ್ಲಿ ಮೇಲಿನ ಕಲ್ಲಿನ ಭಾರ ಒಂದೊಂದು ಚದರ ಸೆಂಟಿಮೀಟರಿನ ಮೇಲೂ ಸುಮಾರು 900 ಕಿಲೋ ಬೀಳುತ್ತದೆ. ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಹತ್ತಿರ ಹತ್ತಿರ ಹದಿನೆಂಟು ಮೂಟೆ ಸಿಮೆಂಟು ಹೇರಿದ ಹಾಗೆ. ಅಗೆದು ಟೊಳ್ಳು ಮಾಡಿದ ಕಡೆ ಬಂಡೆ ಆ ಒತ್ತಡ ತಾಳದೆ ಮದ್ದಿನಂತೆ ಸಿಡಿಯುತ್ತಿತ್ತು. ಮುದುಕರು ಹಾಗೆ ಕಳೆದುಕೊಂಡ ಗೆಳೆಯರನ್ನು ಎಣಿಸತೊಡಗಿದರು. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದಾಗ ಮಾತು ನಿಲ್ಲಿಸಿದರು.

ಇದೇ ಆಳವನ್ನು ಬೇರೊಂದು ಕೆಲಸಕ್ಕೆ ಬಳಸಿದವರೂ ಇದ್ದರು. ಆಕಾಶದಿಂದ ಹಗಲಿರುಳೂ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಸುಳಿವು ಹಿಡಿಯುವುದು, ಜಾತ್ರೆಯಲ್ಲಿ ಪಿಸುಮಾತು ಕೇಳಿದ ಹಾಗೆ. ಕಿಲೋಮೀಟರುಗಟ್ಟಲೆ ಬಂಡೆ ಉಳಿದ ಕಣಗಳನ್ನು ತಡೆಯುತ್ತದೆ, ನ್ಯೂಟ್ರಿನೊ ಮಾತ್ರ ತೂರಿ ಬರುತ್ತದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮತ್ತವರ ತಂಡ, ಜಪಾನಿನ ಒಸಾಕ, ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯಗಳವರ ಜೊತೆಗೂಡಿ 2.3 ಕಿಲೋಮೀಟರ್ ಆಳದಲ್ಲಿ ಉಪಕರಣ ಹೂಡಿತು. ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು 1965ರಲ್ಲಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲೂ ಸಿಕ್ಕಿತು. ಜಗತ್ತಿನಲ್ಲಿ ಮೊದಲ ಬಾರಿಗೆ ಇದು ಸಾಧ್ಯವಾದ ಎರಡು ಜಾಗಗಳಲ್ಲಿ ಒಂದು ಕರ್ನಾಟಕದ್ದು! ಊರಿನಲ್ಲಿ ಮಕ್ಕಳ ಕಣ್ಣಿಗೆ ಅದನ್ನು ಹೇಳುವ ಒಂದು ಫಲಕವೂ ಬೀಳಲಿಲ್ಲ.

ಮಧ್ಯಾಹ್ನ ಬುತ್ತಿ ಬಿಚ್ಚಿದ್ದು ದಿಬ್ಬಗಳ ಎದುರು. ಹರಪನಹಳ್ಳಿ ಕಡೆಯ ಗುಡ್ಡಗಳಂತೆ ಅವು ಭೂಮಿ ಹುಟ್ಟಿಸಿದ ದಿಬ್ಬಗಳಲ್ಲ. ಚಿನ್ನ ತೆಗೆದು ಬಿಸಾಡಿದ ಕಲ್ಲಿನ ಹಿಟ್ಟು ಅದು. ಅರೆದ ಕಲ್ಲನ್ನು ಸಯನೈಡ್ ದ್ರಾವಣದಲ್ಲಿ ನೆನೆಸಿದರೆ ಚಿನ್ನ ಕರಗಿ ಬರುತ್ತದೆ. ಆ ದ್ರಾವಣಕ್ಕೆ ಸತುವು ಹಾಕಿದರೆ ಚಿನ್ನ ಬೇರ್ಪಡುತ್ತದೆ. ಊರವರು ಇವನ್ನು ಸಯನೈಡ್ ದಿಬ್ಬ ಎನ್ನುವುದು ಅದಕ್ಕೇ. ಸಯನೈಡು ಬಿಸಿಲು ಗಾಳಿಗೆ ಕಾಲಕ್ರಮದಲ್ಲಿ ಬಹುಮಟ್ಟಿಗೆ ಒಡೆದುಹೋಗುತ್ತದೆ, ಹಿಟ್ಟು ಒಡೆಯುವುದಿಲ್ಲ. ಮೂರು ಕೋಟಿ ಟನ್ನಿಗೂ ಹೆಚ್ಚು ಬಿದ್ದಿದೆ.

ಒಟ್ಟು ತೆಗೆದ ಚಿನ್ನ ಎಷ್ಟು? 120 ವರ್ಷಗಳಲ್ಲಿ ಸುಮಾರು 800 ಟನ್. ಅಕ್ಕೋರು ಅಲ್ಲೇ ಒಂದು ಲೆಕ್ಕ ಕೊಟ್ಟರು. ಚಿನ್ನದ ಸಾಂದ್ರತೆ ನೀರಿನ 19.3 ಪಟ್ಟು. ಹಾಗಾದರೆ 800 ಟನ್ ಹಿಡಿಯಲು ಎಷ್ಟು ಜಾಗ ಬೇಕು? ಹುಡುಗರು ನೆಲದ ಮೇಲೆ ಕಡ್ಡಿಯಿಂದ ಭಾಗಿಸಿದರು. 41 ಘನ ಮೀಟರು ಚಿಲ್ಲರೆ. ಉದ್ದ, ಅಗಲ, ಎತ್ತರ ಮೂರೂ ಮೂರೂವರೆ ಮೀಟರಿನ ಒಂದು ಕೋಣೆ. "ಬರೇ ನಮ್ಮ ಹೆಡ್‌ಮಾಸ್ತರ ಕೋಣಿ!" ಎಂದು ಒಬ್ಬ ಕೂಗಿದ. ಎಲ್ಲರೂ ತಲೆಯೆತ್ತಿ ದಿಬ್ಬ ನೋಡಿದರು.

ಅಷ್ಟರಲ್ಲಿ ಗಾಳಿ ಎದ್ದಿತು. ಬೂದು ಹಿಟ್ಟು ತೆರೆತೆರೆಯಾಗಿ ಹಾರಿ ಲೈನುಗಳ ಕಡೆ ಸಾಗಿತು. ಮಕ್ಕಳು ಬುತ್ತಿ ಮುಚ್ಚಿದರು. ಜೊತೆಗೆ ಬಂದಿದ್ದ ಮುದುಕರು ಟವೆಲಿನಿಂದ ಮೂಗು ಬಾಯಿ ಕಟ್ಟಿಕೊಂಡರೂ ಬಹಳ ಹೊತ್ತು ಕೆಮ್ಮಿದರು. ಕಲ್ಲಿನ ಹಿಟ್ಟಿನಲ್ಲಿರುವುದು ಸಿಲಿಕಾ, ಅಂದರೆ ಗಾಜಿನ ಮೂಲವಸ್ತು. ಕಣ್ಣಿಗೆ ಕಾಣುವ ದೂಳನ್ನು ಮೂಗಿನ ಕೂದಲು, ಸಿಂಬಳ ಹಿಡಿದು ನಿಲ್ಲಿಸುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣದು ಶ್ವಾಸಕೋಶದ ತಳ ಸೇರುತ್ತದೆ. ಅದನ್ನು ನುಂಗಿ ಅರಗಿಸಲು ಹೋದ ಜೀವಕೋಶಗಳು ತಾವೇ ಸಾಯುತ್ತವೆ, ಅಲ್ಲೆಲ್ಲ ಗಾಯದ ಕಲೆ ಕಟ್ಟುತ್ತದೆ, ಶ್ವಾಸಕೋಶ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಸಿಲಿಕೋಸಿಸ್ ಎಂಬ ಈ ಕಾಯಿಲೆಗೆ ಮದ್ದಿಲ್ಲ, ತಡೆಯುವುದೊಂದೇ ದಾರಿ. ಭಾರತದಲ್ಲಿ ಇದು ಮೊದಲು ವರದಿಯಾದದ್ದು ಇದೇ ಕೋಲಾರದ ಗಣಿಗಳಿಂದ, 1947ರಲ್ಲಿ. ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಅಂಟಿತ್ತು. ಕಲ್ಲು ಕೊರೆಯುವಾಗ ನೀರು ಹಾಯಿಸಿದರೆ, ದಾರಿಗೆ ನೀರು ಚಿಮುಕಿಸಿದರೆ, ಗಾಳಿಯಾಡುವಂತೆ ಮಾಡಿದರೆ ದೂಳು ಬಹಳ ಕಡಿಮೆಯಾಗುತ್ತದೆ. ಇದಕ್ಕೆ ದೊಡ್ಡ ವಿಜ್ಞಾನವೇನೂ ಬೇಡ, ಖರ್ಚು ಮಾಡುವ ಮನಸ್ಸು ಬೇಕು.

"ನಿಮ್ಮಪ್ಪ ಏನು ಕೆಲಸ ಮಾಡೋದು ತಂಬಿ?" ಎಂದು ಮುದುಕರು ಪಕ್ಕದಲ್ಲಿದ್ದ ಹುಡುಗನನ್ನು ಕೇಳಿದರು. ಸಂಡೂರಿನ ಲಾರಿಯವರ ಮಗ.

"ಅದಿರಿನ ಲಾರಿ ಹೊಡಿತಾನ್ರೀ."

ಮುದುಕರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎಕ್ಸ್‌ರೇ ತೆಗೆಸಿಕೊಳ್ಳೋಕೆ ಹೇಳು. ವರ್ಷಕ್ಕೆ ಒಂದು ಸಲ. ಕೆಮ್ಮು ಬರೋ ಮುಂಚೆ" ಎಂದರು.

ಗಣಿ ಮುಚ್ಚಿದ ಮೇಲೆ ಕೆ.ಜಿ.ಎಫ್.ನ ಸಾವಿರಾರು ಜನರ ಅನ್ನ ರೈಲಿನ ಮೇಲೆ ನಿಂತಿದೆ. ನಸುಕಿನಲ್ಲಿ ಬೆಂಗಳೂರಿಗೆ ಹೊರಟು ರಾತ್ರಿ ಮರಳುತ್ತಾರೆ. 1894ರಲ್ಲಿ ಚಿನ್ನಕ್ಕೂ ಯಂತ್ರಕ್ಕೂ ಎಂದು ಹಾಕಿದ ಹಳಿ ಈಗ ಅವರನ್ನು ಹೊತ್ತು ಓಡಾಡುತ್ತಿದೆ. ಸಂಜೆ ಬಸ್ಸು ಹೊರಡುವ ಹೊತ್ತಿಗೆ ಹಾಗೆ ಮರಳುವವರ ಮೊದಲ ಗುಂಪು ನಿಲ್ದಾಣದಿಂದ ಲೈನುಗಳ ಕಡೆ ನಡೆಯುತ್ತಿತ್ತು.

ತುಮಕೂರು ದಾಟಿದ ಮೇಲೆ ಹುಡುಗ ಅಕ್ಕೋರ ಹತ್ತಿರ ಮೊಬೈಲು ಬೇಡಿ ಪಡೆದು ಸಂಡೂರಿಗೆ ಹಚ್ಚಿದ. ಹೊತ್ತು ಹತ್ತಾಗಿತ್ತು. ತಂದೆ ಗಾಡಿ ಮೇಲೆಯೇ ಇದ್ದರು.

"ಅಪ್ಪಾ, ಲಾರಿ ಗ್ಲಾಸು ಏರಿಸ್ಕೊಂಡು ಹೊಡಿತಿಯೋ, ಇಳಿಸಿಯೋ?"

ಆ ಕಡೆಯಿಂದ ನಗು ಕೇಳಿತು. "ಸೆಕಿಯಾಗ ಯಾಂವ ಏರಿಸ್ತಾನಲೇ? ಅದಿರ್ಲಿ, ಬಂಗಾರ ಏನಾರ ಸಿಕ್ತೇನು?"