ಒಂದು ಮಾರು ತಂತಿಯ ಪರವಾಗಿ

"ವಿಡಿಯೋ ಗೇಮಿನಿಂದ ಮಕ್ಕಳು ಹಾಳಾದರು" ಎಂಬ ಮಾತನ್ನು ಮದುವೆಮನೆಯ ಪಂಕ್ತಿಯಲ್ಲಿ, ಶಾಲೆಯ ಪೋಷಕರ ಸಭೆಯಲ್ಲಿ, ಮಹಿಳಾ ಸಮಾಜದ ಭಾಷಣಗಳಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಹೇಳುವವರನ್ನು ಒಮ್ಮೆ "ಯಾವ ಗೇಮು?" ಎಂದು ಕೇಳಿ ನೋಡಿ. ಮುಖ ಮುಖ ನೋಡುತ್ತಾರೆ. ಅವರ ಪಾಲಿಗೆ ಎಲ್ಲವೂ ಒಂದೇ. ಹುಳಿ, ಸಾರು, ತೊವ್ವೆ ಮೂರಕ್ಕೂ ತೊಗರಿಬೇಳೆಯನ್ನೇ ಹಾಕುವುದು, ಆದ್ದರಿಂದ ಮೂರೂ ಒಂದೇ ಎಂದರೆ ನಮ್ಮಲ್ಲಿ ಯಾವ ಹೆಂಗಸು ಒಪ್ಪಿಯಾಳು? ಆದರೆ ಮಕ್ಕಳ ಆಟದ ವಿಷಯ ಬಂದಾಗ ಮಾತ್ರ ನಾವೆಲ್ಲ ಎಷ್ಟು ಸಲೀಸಾಗಿ ಬೇಳೆಯ ಲೆಕ್ಕ ಹೇಳಿ ಕೈತೊಳೆದುಕೊಳ್ಳುತ್ತೇವೆ!

ನನ್ನ ವಾದ ಇಷ್ಟೇ. ತಪ್ಪು ಪರದೆಯದಲ್ಲ. ಪಕ್ಕದಲ್ಲಿ ಇನ್ನೊಬ್ಬರು ಕೂರುವ ಅಗತ್ಯವೇ ಇಲ್ಲದ ಹಾಗೆ ಆಟಗಳನ್ನು ಮಾಡಿಟ್ಟಿದ್ದಾರಲ್ಲ, ತಪ್ಪು ಅದರದು. ಪಕ್ಕದಲ್ಲಿ ಇನ್ನೊಬ್ಬರು ಕೂತಲ್ಲದೆ ನಡೆಯದ ವಿಡಿಯೋ ಗೇಮೂ ಒಂದು ಕಾಲದಲ್ಲಿ ಇತ್ತು. ಅದರ ಜೀವ ಇದ್ದದ್ದು ಒಂದು ಮಾರು ಮೀರದ ಕಪ್ಪು ತಂತಿಯಲ್ಲಿ. ನಾನು ಇಲ್ಲಿ ಆ ತಂತಿಯ ವಕೀಲಿಕೆ ಮಾಡಲು ಹೊರಟಿದ್ದೇನೆ.

2000ದ ಇಸವಿ ಬಂದರೆ ಕಂಪ್ಯೂಟರುಗಳ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ ಎಂದು ಅಮೆರಿಕ ಹೆದರಿ ಕೂತಿದ್ದ ಕಾಲವದು. ಅದನ್ನು ಸರಿಪಡಿಸಲು ನಮ್ಮ ಕಡೆಯಿಂದ ಹೋದ ನೂರಾರು ಎಂಜಿನಿಯರುಗಳಲ್ಲಿ ನಮ್ಮ ಯಜಮಾನರೂ ಒಬ್ಬರು. 1998ರಿಂದ ಮೂರು ವರ್ಷ ನ್ಯೂಜೆರ್ಸಿಯ ಎಡಿಸನ್ನಿನಲ್ಲಿ ನಮ್ಮ ಸಂಸಾರ. ಮಗನಿಗೆ ಒಂಬತ್ತು, ಮಗಳಿಗೆ ಏಳು. ಹೊರಗೆ ಹಿಮ, ಒಳಗೆ ಎರಡು ಕೋಣೆ. ಜಗುಲಿ ಇಲ್ಲ, ಹಿತ್ತಲಿಲ್ಲ, "ಹೋಗಿ ಆಡ್ಕೊಳ್ಳಿ" ಎಂದು ಅಟ್ಟಲು ಬೀದಿಯೂ ಇಲ್ಲ. ಆ ಮನೆಗೆ ಬಂದದ್ದು ಎರಡು ಗೇಮ್ ಬಾಯ್ ಮತ್ತು ಅವುಗಳನ್ನು ಜೋಡಿಸುವ ಒಂದು ಲಿಂಕ್ ಕೇಬಲ್.

ಎರಡು ತಂದದ್ದಕ್ಕೂ ಒಂದು ಕಥೆಯಿದೆ. ಅಂಗಡಿಯವನು, "ಹುಡುಗನಿಗೊಂದು ಸಾಕಲ್ಲ? ಹುಡುಗಿಗೆ ಆಚೆ ಕಡೆ ಗೊಂಬೆಗಳಿವೆ" ಎಂದು ಬೆರಳು ತೋರಿಸಿದ. ಗೊಂಬೆಯ ಸಾಲು ತೋರಿಸುವ ಆ ಬೆರಳು ಸಾಗರದಲ್ಲೂ ಇತ್ತು, ಎಡಿಸನ್ನಿನಲ್ಲೂ ಇತ್ತು. ನಾನು ಎರಡಕ್ಕೂ ದುಡ್ಡು ಕೊಟ್ಟು ಬಂದೆ.

ಗೇಮ್ ಬಾಯ್ ಎಂಬ ಹೆಸರೇ ನೋಡಿ, 'ಬಾಯ್'! ಜಪಾನಿನ ನಿಂಟೆಂಡೊ ಕಂಪನಿ ಅದನ್ನು 1989ರ ಏಪ್ರಿಲ್ 21ರಂದು ಮಾರುಕಟ್ಟೆಗೆ ತಂದಿತು. ಹೆಸರಲ್ಲಿ ಹುಡುಗನಿದ್ದರೇನು, 1995ರಲ್ಲಿ ಆ ಕಂಪನಿಯ ಅಮೆರಿಕದ ಶಾಖೆಯೇ ಹೇಳಿಕೊಂಡ ಲೆಕ್ಕದಂತೆ ಅದನ್ನು ಆಡುತ್ತಿದ್ದವರಲ್ಲಿ ನೂರಕ್ಕೆ 46 ಮಂದಿ ಹೆಂಗಸರು, ಹೆಣ್ಣುಮಕ್ಕಳು. ಅದೇ ಕಂಪನಿಯ ಟಿವಿಗೆ ಜೋಡಿಸುವ ಯಂತ್ರಗಳಲ್ಲಿ ಈ ಪ್ರಮಾಣ ಎಷ್ಟೋ ಕಡಿಮೆಯಿತ್ತು. ಕಾರಣ ತಿಳಿಯಲು ಸಂಶೋಧನೆ ಬೇಕಿಲ್ಲ. ಟಿವಿ ಯಾವ ಮನೆಯಲ್ಲಿ ಹೆಂಗಸಿನ ಕೈಯಲ್ಲಿತ್ತು ಹೇಳಿ? ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಯಾರ ಅಪ್ಪಣೆಯೂ ಬೇಡ. ಕುಕ್ಕರ್ ಮೂರು ಸಲ ಕೂಗುವಷ್ಟರಲ್ಲಿ ಒಂದು ಆಟ ಮುಗಿಸಿ ಏಳಬಹುದು.

ಅದನ್ನು ರೂಪಿಸಿದ ತಂಡದ ಹಿರಿಯ ಗುಂಪೆ ಯೊಕೊಯಿ. ಹಳತಾಗಿ, ಅಗ್ಗವಾಗಿ, ಚೆನ್ನಾಗಿ ಪಳಗಿದ ತಂತ್ರವನ್ನು ಹೊಸ ರೀತಿಯಲ್ಲಿ ಬಳಸಬೇಕು ಎಂಬುದು ಆತನ ನಂಬಿಕೆ. ಹಳೇ ಸೀರೆಯಲ್ಲಿ ಕೌದಿ ಹೊಲಿದ ನಮಗೆ ಇದು ಹೊಸ ಪಾಠವೇನೂ ಅಲ್ಲ. ಅದೇ ವರ್ಷ ಬಂದ ಅಟಾರಿ ಲಿಂಕ್ಸ್ ಎಂಬ ಎದುರಾಳಿಗೆ ಬಣ್ಣದ ಪರದೆ ಇತ್ತು. ಆದರೆ ಅದು ಆರು ಬ್ಯಾಟರಿಗಳನ್ನು ನಾಲ್ಕೈದು ಗಂಟೆಯಲ್ಲಿ ನುಂಗುತ್ತಿತ್ತು. ಗೇಮ್ ಬಾಯ್‌ನದು ಪಾಚಿ ಬಣ್ಣದ ಮಂಕು ಪರದೆ, ನಾಲ್ಕು ಬ್ಯಾಟರಿ, ಹತ್ತು ಗಂಟೆಗೂ ಮೀರಿದ ಆಟ. ಮಂಕು ಪರದೆಯೇ ಗೆದ್ದಿತು. ಮುಂದೆ ಬಂದ ಬಣ್ಣದ ಮಾದರಿಯೂ ಸೇರಿ ಮಾರಾಟವಾದದ್ದು ಸುಮಾರು 11 ಕೋಟಿ 87 ಲಕ್ಷ.

ಈಗ ತಂತಿಯ ವಿಷಯಕ್ಕೆ ಬರೋಣ. ಅದರೊಳಗೆ ನಡೆಯುವುದನ್ನು ಮಗ ದೊಡ್ಡವನಾಗಿ ಎಂಜಿನಿಯರಿಂಗ್ ಓದುವಾಗ ನನಗೆ ಬಿಡಿಸಿ ಹೇಳಿದ. ಎರಡು ಯಂತ್ರಗಳಲ್ಲಿ ಒಂದು ತಾಳ ಹಾಕುತ್ತದೆ, ಇನ್ನೊಂದು ಆ ತಾಳಕ್ಕೆ ನಡೆಯುತ್ತದೆ. ಸಾಮಾನ್ಯ ವೇಗದಲ್ಲಿ ಸೆಕೆಂಡಿಗೆ 8,192 ಪೆಟ್ಟು. ಪ್ರತಿ ಪೆಟ್ಟಿಗೂ ಈ ಕಡೆಯಿಂದ ಒಂದು ಅಂಕಿ ಆ ಕಡೆಗೆ ಜಾರುತ್ತದೆ. ಅದೇ ಗಳಿಗೆಯಲ್ಲಿ ಆ ಕಡೆಯಿಂದ ಒಂದು ಅಂಕಿ ಈ ಕಡೆಗೆ ಬರುತ್ತದೆ. ಬರೀ ಕೊಡುವುದಾಗಲಿ, ಬರೀ ಪಡೆಯುವುದಾಗಲಿ ಅಲ್ಲಿ ಇಲ್ಲವೇ ಇಲ್ಲ. ಪಕ್ಕದ ಮನೆಯಿಂದ ಪಾಯಸ ಬಂದ ಬಟ್ಟಲನ್ನು ಖಾಲಿ ಕಳಿಸಬಾರದು, ಏನೂ ಇಲ್ಲದಿದ್ದರೆ ನಾಲ್ಕು ಕಾಳು ಸಕ್ಕರೆಯನ್ನಾದರೂ ಹಾಕಿ ಕೊಡಬೇಕು ಎಂದು ನಮ್ಮಮ್ಮ ಹೇಳುತ್ತಿದ್ದಳು. ಆ ತಂತಿಯ ವ್ಯವಹಾರ ಇದೇ. ಇಂದಿನ ಫೋನಿನ ಆಟಗಳು ನಮ್ಮ ಮಕ್ಕಳಿಂದ ಸಮಯ, ಹಣ, ನಿದ್ದೆ ಎಲ್ಲವನ್ನೂ ಪಡೆದು ಬಟ್ಟಲನ್ನು ಖಾಲಿ ಕಳಿಸುತ್ತವೆ.

ತಂತಿ ಜೋಡಿಸಿ ಟೆಟ್ರಿಸ್ ಆಡಿದವರಿಗೆ ಗೊತ್ತು. ಮೇಲಿಂದ ಬೀಳುವ ಇಟ್ಟಿಗೆಗಳನ್ನು ತಿರುಗಿಸಿ ಸಾಲು ತುಂಬಿಸಿದರೆ ಸಾಲು ಕರಗುತ್ತದೆ. ಒಬ್ಬರೇ ಆಡಿದರೆ ಅಷ್ಟೇ. ಇಬ್ಬರು ಆಡುವಾಗ ನಾನು ಒಮ್ಮೆಗೇ ಎರಡು ಸಾಲು ಕರಗಿಸಿದರೆ ಮಗಳ ಅಂಗಳದಲ್ಲಿ ಕೆಳಗಿನಿಂದ ಒಂದು ಸಾಲು ಕಸ ಏಳುತ್ತದೆ. ಮೂರಕ್ಕೆ ಎರಡು, ನಾಲ್ಕಕ್ಕೆ ನಾಲ್ಕು. ನನ್ನ ಮನೆಯ ಕಸ ನೆರೆಮನೆಗೆ! ಅವಳು "ಅಮ್ಮಾ!" ಎಂದು ಕೂಗುವುದು ನನಗೆ ಯಂತ್ರದಿಂದಲ್ಲ, ಮೊಣಕೈ ತಾಗುವಷ್ಟು ಹತ್ತಿರದಿಂದ ಕೇಳಿಸುತ್ತಿತ್ತು. ಅಳಗುಳಿಮಣೆಯ ಎರಡು ಬದಿ ಕೂತು, ಒಬ್ಬರ ಗುಳಿಯ ಮೇಲೆ ಇನ್ನೊಬ್ಬರು ಕಣ್ಣಿಟ್ಟು ಬೆಳೆದವಳು ನಾನು. ಎದುರಿನವಳ ಮುಖ ನೋಡಿ ಅವಳ ಮುಂದಿನ ನಡೆ ತಿಳಿಯುವುದೇ ಆ ಆಟದ ಅರ್ಧ ರುಚಿ. ಆ ರುಚಿ ಈ ಆಟದಲ್ಲೂ ಇತ್ತು.

ಇನ್ನು ಪೋಕೆಮಾನ್. 1996ರ ಫೆಬ್ರವರಿಯಲ್ಲಿ ಜಪಾನಿನಲ್ಲಿ, 1998ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ ಬಂದ ಆಟ. ಮಾಡಿದವನು ಸತೋಶಿ ತಜಿರಿ, ಟೋಕಿಯೊ ಹೊರವಲಯದಲ್ಲಿ ಹುಳಹುಪ್ಪಟೆ ಹಿಡಿಯುತ್ತಾ ಬೆಳೆದವನು. ಎರಡು ಗೇಮ್ ಬಾಯ್ ನಡುವಿನ ತಂತಿಯನ್ನು ಕಂಡಾಗ ಅದರ ಮೇಲೆ ಹುಳವೊಂದು ಆ ಕಡೆಯಿಂದ ಈ ಕಡೆಗೆ ಹರಿದು ಬರುವುದನ್ನು ಕಲ್ಪಿಸಿಕೊಂಡನಂತೆ. ಹುಟ್ಟುವಾಗಲೇ ಆ ಆಟ ತಂತಿಯ ಕೂಸು. ಅದನ್ನು ಕೆಂಪು, ನೀಲಿ ಎಂದು ಎರಡು ಬಗೆಯಲ್ಲಿ ಮಾರಿದರು. ಕೆಂಪಿನಲ್ಲಿರುವ ಎಕನ್ಸ್ ನೀಲಿಯಲ್ಲಿ ಸಿಗದು, ನೀಲಿಯಲ್ಲಿರುವ ಸ್ಯಾಂಡ್‌ಶ್ರೂ ಕೆಂಪಿನಲ್ಲಿ ಸಿಗದು. ಎಷ್ಟೇ ಜಾಣನಾದರೂ ಒಬ್ಬನೇ ಕೂತು ಪೂರೈಸುವಂತಿಲ್ಲ. ಕಡಾಬ್ರಾ ಎಂಬ ಜೀವಿಯಂತೂ ಎಷ್ಟು ಪಳಗಿಸಿದರೂ ಮುಂದಿನ ರೂಪಕ್ಕೆ ಬೆಳೆಯುವುದಿಲ್ಲ. ತಂತಿ ದಾಟಿ ಇನ್ನೊಬ್ಬರ ಕೈ ಸೇರಿದ ಕ್ಷಣ ಅದು ಅಲಕಜಾಮ್ ಆಗುತ್ತದೆ. ತವರು ಬಿಟ್ಟ ಮೇಲೆಯೇ ಹೆಣ್ಣಿಗೆ ಬುದ್ಧಿ ಎನ್ನುವ ನಮ್ಮ ಹಿರಿಯರು ಇದನ್ನು ಕಂಡಿದ್ದರೆ ತಲೆದೂಗುತ್ತಿದ್ದರೇನೋ. ವ್ಯತ್ಯಾಸವೆಂದರೆ ಇಲ್ಲಿ ಮರುಗಳಿಗೆಯೇ ವಾಪಸು ಕರೆಸಿಕೊಳ್ಳಬಹುದು!

ನಮ್ಮ ಮನೆಯಲ್ಲಿ ಕೆಂಪು ಅಣ್ಣನದು, ನೀಲಿ ತಂಗಿಯದು. ಎಲ್ಲದಕ್ಕೂ ಅಣ್ಣನ ಬಾಲ ಹಿಡಿಯಬೇಕಾಗಿದ್ದ ಹುಡುಗಿಯ ಎದುರು ಅಣ್ಣ ಬಂದು ಕೂತು "ಸ್ಯಾಂಡ್‌ಶ್ರೂ ಕೊಡ್ತೀಯಾ?" ಎಂದು ಕೇಳಬೇಕಾಯಿತು. ಅವಳು ತಕ್ಷಣ ಕೊಡಲಿಲ್ಲ. "ಬದಲಿಗೆ ಏನು?" ಎಂದಳು. ಏಳು ವರ್ಷದ ಹೆಣ್ಣುಮಗುವೊಂದು ತನ್ನಲ್ಲಿರುವುದಕ್ಕೆ ಬೆಲೆಯಿದೆ ಎಂದು ಅರಿಯುವುದು, ಬೇಡ ಎನ್ನಲು ಕಲಿಯುವುದು, ಚೌಕಾಸಿ ಮಾಡಿ ಕೊನೆಗೆ ನಗುತ್ತಾ ಕೊಡುವುದು — ಇದನ್ನು ಯಾವ ನೀತಿಪಾಠದ ಪುಸ್ತಕ ಕಲಿಸುತ್ತದೆ? ಇಂದು ಅವಳು ತನ್ನ ಕಚೇರಿಯಲ್ಲಿ ಸಂಬಳದ ಮಾತಾಡುವಾಗ ಆ ದನಿಯೇ ನನಗೆ ಕೇಳಿಸುತ್ತದೆ.

ಎದುರಾಡುವವರು ಇದ್ದೇ ಇರುತ್ತಾರೆ. ಮೊದಲನೆಯ ಮಾತು: ಇದೆಲ್ಲ ವ್ಯಾಪಾರದ ಉಪಾಯ, ಎರಡು ಯಂತ್ರ, ಎರಡು ಆಟ ಮಾರುವ ಹುನ್ನಾರ. ನಿಜವೇ. ಕಂಪನಿಯೇನು ಧರ್ಮಛತ್ರ ಇಟ್ಟಿರಲಿಲ್ಲ. ಆದರೆ ಎರಡು ಮಾರುವ ಆಸೆಗೆ ಬಿದ್ದ ವ್ಯಾಪಾರಿ ಇಬ್ಬರು ಮಕ್ಕಳನ್ನು ಒಂದು ಚಾಪೆಯ ಮೇಲೆ ಕೂರಿಸಿದ. ಇಂದಿನ ವ್ಯಾಪಾರಿಯ ಲಾಭ ಇರುವುದು ಅದೇ ಮಕ್ಕಳನ್ನು ಎರಡು ಕೋಣೆಗೆ ಅಟ್ಟುವುದರಲ್ಲಿ. ಲಾಭ ಇಬ್ಬರದೂ ನಿಜ, ನಮ್ಮ ಮನೆಗೆ ಬಂದ ಫಲ ಬೇರೆ ಬೇರೆ. ಮೇಲಾಗಿ 2001ರಲ್ಲಿ ಬಂದ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ ಮಾರಿಯೋ ಕಾರ್ಟ್‌ನಂಥ ಕೆಲವು ಆಟಗಳಿಗೆ ಒಂದೇ ಕ್ಯಾಸೆಟ್ಟು ಸಾಕಾಗಿತ್ತು. ಒಬ್ಬರ ಬಳಿ ಆಟವಿದ್ದರೆ ತಂತಿಯ ಮೂಲಕ ನಾಲ್ವರೂ ಆಡಬಹುದು. ಉಳ್ಳವರ ಮನೆಯ ಬೆಂಕಿಯಲ್ಲಿ ನೆರೆಯವರೂ ಒಲೆ ಹೊತ್ತಿಸಿಕೊಂಡ ಹಾಗೆ.

ಎರಡನೆಯ ಮಾತು: ಕಾಲ ಮುಂದುವರಿದಿದೆ, ಈಗ ಇಂಟರ್ನೆಟ್ಟಿನಲ್ಲಿ ಇಡೀ ಜಗತ್ತಿನೊಂದಿಗೆ ಆಡಬಹುದು. ಜಗತ್ತಿನೊಂದಿಗೆ! ಪಕ್ಕದ ಕೋಣೆಯ ತಂಗಿಯನ್ನು ಬಿಟ್ಟು. ಆ ಜಗತ್ತಾದರೂ ಎಷ್ಟು ದಿನದ್ದು? ನಿಂಟೆಂಡೊ ತನ್ನ ಡಿಎಸ್ ಮತ್ತು ವೀ ಯಂತ್ರಗಳ ಇಂಟರ್ನೆಟ್ ಆಟವನ್ನು 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. 3ಡಿಎಸ್ ಮತ್ತು ವೀ ಯು ಯಂತ್ರಗಳದನ್ನು 2024ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡ ಆಟದ ಅರ್ಧ ಭಾಗ ದೂರದೇಶದ ಒಂದು ತೀರ್ಮಾನದಿಂದ ಸತ್ತಿತು. ಅದೇ 3ಡಿಎಸ್ ಎರಡನ್ನು ಒಂದೇ ಕೋಣೆಯಲ್ಲಿ ಇಟ್ಟರೆ ಇಂದಿಗೂ ಕೂಡಿ ಆಡಬಹುದು. 1989ರ ಗೇಮ್ ಬಾಯ್ ಎರಡನ್ನು ತಂತಿಯಿಂದ ಜೋಡಿಸಿದರೆ ಇಂದಿಗೂ ಟೆಟ್ರಿಸ್ ನಡೆಯುತ್ತದೆ. ದೂರದ ನಂಟು ಕಂಪನಿಯ ಕೈಯಲ್ಲಿದೆ, ಹತ್ತಿರದ ನಂಟು ನಮ್ಮ ಕೈಯಲ್ಲಿದೆ.

ಮೂರನೆಯದು ಮಾತ್ರ ತೂಕದ ಮಾತು. ಮೊಮ್ಮಕ್ಕಳು ಸಿಡ್ನಿಯಲ್ಲಿ, ಅಜ್ಜಿ ಸಾಗರದಲ್ಲಿ ಇದ್ದರೆ ತಂತಿ ಏನು ಮಾಡೀತು? ಅಲ್ಲಿ ಇಂಟರ್ನೆಟ್ಟೇ ಬೇಕು, ನಾನೂ ಅದರಲ್ಲೇ ಮೊಮ್ಮಗನೊಂದಿಗೆ ಚೆಸ್ ಆಡುತ್ತೇನೆ. ಆದರೆ ದೂರ ಇರುವವರಿಗಾಗಿ ಮಾಡಿದ ಔಷಧಿಯನ್ನು ಒಂದೇ ಸೂರಿನಡಿ ಇರುವವರಿಗೆ ಊಟವೆಂದು ಬಡಿಸಿದರೆ ಅದನ್ನು ಪ್ರಗತಿ ಎನ್ನಬೇಕೇ?

ಹಾಗಾದರೆ ಏನು ಮಾಡಬೇಕು ಎನ್ನುವ ಸೋದರಿಯರಿಗೆ ನಾಲ್ಕು ಮಾತು. ಮಗುವಿನ ಹುಟ್ಟುಹಬ್ಬಕ್ಕೆ ಫೋನು ಕೊಡಿಸುವ ಮೊದಲು, ಅಮೆರಿಕದಿಂದಲೋ ದುಬೈಯಿಂದಲೋ ಬಂದ ಹಳೆಯ ಗೇಮ್ ಬಾಯ್ ನೆಂಟರ ಮನೆಯ ಅಟ್ಟದಲ್ಲಿದೆಯೇ ಕೇಳಿ. ಸಿಕ್ಕರೆ ಒಂದನ್ನು ತರಬೇಡಿ, ಎರಡು ತನ್ನಿ. ತಂತಿ ಕೊಳ್ಳುವಾಗ ಎಚ್ಚರ. ಮೊಟ್ಟಮೊದಲ ದಪ್ಪ ಗೇಮ್ ಬಾಯ್‌ನ ಕಿಂಡಿ ದೊಡ್ಡದು, ಪಾಕೆಟ್ ಮತ್ತು ಕಲರ್ ಮಾದರಿಗಳದು ಸಣ್ಣದು. ಕಲರ್‌ನ ತಂತಿ ಅಡ್ವಾನ್ಸ್‌ಗೆ ಕೂರುತ್ತದೆ, ಹಳೆಯ ಆಟಗಳಿಗೆ ಅದೇ ಬೇಕು. ಅಡ್ವಾನ್ಸ್‌ನ ತಂತಿ ಕಲರ್‌ಗೆ ಕೂರುವುದಿಲ್ಲ. ಪೋಕೆಮಾನ್ ಕ್ಯಾಸೆಟ್ಟಿನೊಳಗೆ ನಾಣ್ಯದಂಥ ಬ್ಯಾಟರಿಯೊಂದಿದೆ. ಅದು ಬತ್ತಿದರೆ ಆಡಿದ್ದು ಉಳಿಯದು, ಬೆಸುಗೆ ಬಲ್ಲ ರೇಡಿಯೋ ರಿಪೇರಿಯವರಿಂದ ಬದಲಾಯಿಸಿಕೊಳ್ಳಿ. ಇಷ್ಟು ತೊಂದರೆ ಬೇಡವೆಂದರೆ ಹೊಸ ಯಂತ್ರವೇ ಇರಲಿ, ಪಕ್ಕಪಕ್ಕ ಕೂತು ಆಡುವ ಆಟವನ್ನು ಆರಿಸಿ. ಅದೂ ಬೇಡವೇ, ಚೌಕಾಬಾರ ಇದ್ದೇ ಇದೆ.

ಇನ್ನೂ ಒಂದು ಮಾತು, ಬೇಕಾದರೆ ಜಗಳಕ್ಕೇ ಬನ್ನಿ. ನಮ್ಮ ಮನೆಗಳಲ್ಲಿ ಎಲ್ಲರೂ ಆಡುವಾಗ ಹೆಂಗಸಿನ ಪಾಲಿಗೆ ಉಳಿಯುವುದು ಚಕ್ಕುಲಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಲ್ಲುವ ಕೆಲಸ. ಕ್ರಿಕೆಟ್ಟಿನಿಂದ ಇಸ್ಪೀಟಿನವರೆಗೆ ಇದೇ ಪಾಡು. ತಂತಿಗೆ ಎರಡು ತುದಿ. ಒಂದು ತುದಿ ಮಗುವಿನ ಕೈಯಲ್ಲಿದ್ದರೆ ಇನ್ನೊಂದನ್ನು ಯಾರಾದರೂ ಹಿಡಿಯಲೇಬೇಕು. ಮನೆಯಲ್ಲಿ ಆ ಹೊತ್ತಿಗೆ ಇರುವವಳು ತಾಯಿ. ಮಕ್ಕಳು ಒಂಟಿಯಾದರು ಎಂದು ಸಭೆಗಳಲ್ಲಿ ಮರುಗುವ ಬದಲು ಆ ತುದಿಯನ್ನು ನಾವೇ ಹಿಡಿಯೋಣ. ಆಡೋಣ, ಸೋಲೋಣ, ಮೋಸ ಮಾಡಿದೆ ಎಂದು ಬೈಸಿಕೊಳ್ಳೋಣ. ಚಕ್ಕುಲಿ ಬೇಕಾದವರು ಎದ್ದು ಹೋಗಿ ಡಬ್ಬಿಯಿಂದ ತೆಗೆದುಕೊಳ್ಳಲಿ.