ಸೋತವರ ಪಾಲೆಷ್ಟು?

ಟಿಕೆಟ್ ಹಂಚಿಕೆಯ ದಿನಗಳಲ್ಲಿ ದೆಹಲಿಯ ಚಾಣಕ್ಯಪುರಿಯಲ್ಲಿರುವ ಕರ್ನಾಟಕ ಭವನಕ್ಕೆ ಹೋದರೆ ಪಕ್ಷಗಳ ಒಳಗಿನ ಪೈಪೋಟಿ ಕಣ್ಣಿಗೇ ಕಾಣುತ್ತದೆ. ಆಕಾಂಕ್ಷಿಗಳ ಕಂಕುಳಲ್ಲಿ ಬಯೋಡೇಟಾ ಫೈಲು, ಅದರೊಳಗೆ ಕ್ಷೇತ್ರದ ಜಾತಿವಾರು ಲೆಕ್ಕ. ಪಟ್ಟಿ ಹೊರಬಿದ್ದಾಗ ಒಬ್ಬರಿಗೆ ಹಾರ. ಉಳಿದವರು ಮೌನವಾಗಿ ಊರಿಗೆ ಮರಳಬೇಕು, ಇಲ್ಲವೇ ಬಂಡಾಯ ಏಳಬೇಕು. ಅವರ ಹಿಂದೆ ನಿಂತ ಕಾರ್ಯಕರ್ತರ ಮಾತಿಗೆ ಬೆಲೆ ಎಲ್ಲಿದೆ?

ಅಮೆರಿಕದಲ್ಲಿ ಪಕ್ಷದ ಅಭ್ಯರ್ಥಿಯನ್ನು ಮತದಾರರೇ ಪ್ರೈಮರಿಗಳಲ್ಲಿ ಆರಿಸುತ್ತಾರೆ. ಸೋತವರ ಬಲವೂ ಲೆಕ್ಕಕ್ಕೆ ಸಿಗುತ್ತದೆ. 2016ರಲ್ಲಿ ಹಿಲರಿ ಕ್ಲಿಂಟನ್ ಎದುರು ಸೋತ ಬರ್ನಿ ಸ್ಯಾಂಡರ್ಸ್, ಪ್ರಣಾಳಿಕೆ ಕರಡು ಸಮಿತಿಯ 15 ಸದಸ್ಯರಲ್ಲಿ ಐವರನ್ನು ಹೆಸರಿಸಿದರು. ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಯ ಬೇಡಿಕೆ ಪ್ರಣಾಳಿಕೆಗೆ ಸೇರಿತು.

ನಮ್ಮಲ್ಲೂ 2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಮತದಾನ ನಡೆಯಿತು. ಮಲ್ಲಿಕಾರ್ಜುನ ಖರ್ಗೆ ಅವರಿಗೆ 7,897 ಮತ, ಶಶಿ ತರೂರ್ ಅವರಿಗೆ 1,072. ಮರುವರ್ಷ ತರೂರ್ ಕಾರ್ಯಕಾರಿ ಸಮಿತಿಗೆ ಬಂದರು. ಆದರೆ ರಾಜ್ಯ ಘಟಕಗಳಿಗೆ ಹೆಚ್ಚು ಅಧಿಕಾರ ಬೇಕೆಂದು ಅವರು ಎತ್ತಿದ್ದ ಮಾತು ಅಲ್ಲೇ ಉಳಿಯಿತು. 2023ರ ಮೇ 14ರಂದು ಕರ್ನಾಟಕದ ಕಾಂಗ್ರೆಸ್ ಶಾಸಕರು ಮುಖ್ಯಮಂತ್ರಿಯ ಆಯ್ಕೆಯನ್ನು ಒಂದು ಸಾಲಿನ ನಿರ್ಣಯದಲ್ಲಿ ಹೈಕಮಾಂಡ್‌ಗೆ ಒಪ್ಪಿಸಿದರು. ವೀಕ್ಷಕರು ಪಡೆದ ಶಾಸಕರ ಗುಪ್ತ ಅಭಿಪ್ರಾಯದ ಲೆಕ್ಕ ಹೊರಬರಲಿಲ್ಲ. ಸಿದ್ದರಾಮಯ್ಯ ಮುಖ್ಯಮಂತ್ರಿಯಾದರು. ಡಿ.ಕೆ. ಶಿವಕುಮಾರ್ ಉಪಮುಖ್ಯಮಂತ್ರಿಯಾದರು, ಕೆಪಿಸಿಸಿ ಅಧ್ಯಕ್ಷ ಸ್ಥಾನವೂ ಅವರಲ್ಲೇ ಉಳಿಯಿತು. ಇದು ಸಣ್ಣ ಪಾಲಲ್ಲ. ಆದರೆ ಈ ಹೊಂದಾಣಿಕೆಯ ಷರತ್ತುಗಳು ಜನರ ಮುಂದೆ ಬರಲಿಲ್ಲ. ಅಧಿಕಾರ ಹಂಚಿಕೆಯ ಒಪ್ಪಂದ ಇತ್ತೇ ಎಂಬ ಗುಸುಗುಸು ಸರ್ಕಾರದ ಬೆನ್ನು ಬಿಡಲಿಲ್ಲ.

ಸೋತವರ ಪಾಲಿಗೆ ಮಿತಿಯೂ ಬೇಕು. 1939ರ ಕಾಂಗ್ರೆಸ್ ಅಧ್ಯಕ್ಷ ಚುನಾವಣೆಯಲ್ಲಿ ಸುಭಾಷ್‌ಚಂದ್ರ ಬೋಸ್ 1,580 ಮತ ಪಡೆದು, 1,377 ಮತ ಗಳಿಸಿದ ಪಟ್ಟಾಭಿ ಸೀತಾರಾಮಯ್ಯ ಅವರನ್ನು ಸೋಲಿಸಿದರು. ಆದರೂ ಸೋತ ಬಣದ ಒಪ್ಪಿಗೆಯಿಲ್ಲದೆ ಕಾರ್ಯಕಾರಿ ಸಮಿತಿ ರಚಿಸಲಾಗದೆ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಗೆದ್ದವರ ಕೈಕಟ್ಟುವಷ್ಟು ಪಾಲು ಕೊಟ್ಟರೆ ಮತದಾನಕ್ಕೇ ಅರ್ಥವಿಲ್ಲ.

ಸೋತವರಿಗೆ ನೀತಿ ರೂಪಿಸುವ ಸಮಿತಿಗಳಲ್ಲಿ ಅವರ ಮತಕ್ಕೆ ತಕ್ಕ ಜಾಗ ಸಿಗಲಿ. ಕೊನೆಯ ಮಾತು ಗೆದ್ದವರದೇ ಇರಲಿ. ಅದಕ್ಕೆ ಮೊದಲು ಪಕ್ಷಗಳು ಮತ ಎಣಿಸಲಿ, ಎಣಿಸಿದ್ದನ್ನು ಪ್ರಕಟಿಸಲಿ, ಕೊಟ್ಟ ಮಾತನ್ನು ಬರೆದಿಡಲಿ. ಇದನ್ನು ಕೇಳುವ ಹಕ್ಕು ಪಕ್ಷದ ಬಾವುಟ ಹೊತ್ತ ಪ್ರತಿಯೊಬ್ಬ ಕಾರ್ಯಕರ್ತನಿಗೂ ಇದೆ.